"ಹೊಲಕ್ಕ ಬಂದೀ ಏನವ್ವಾ?"

ದೀಪಾವಳಿ ರಜೆ, ಬೇಸಿಗೆ ರಜೆ ಮುಗಿಯುವ ಹೊತ್ತಿಗೆ, ಆಪ್ತಸಲಹೆ ಕೊಡುವ ನನ್ನ ಬಳಿ ಒಂದು ಬಗೆಯ ಜನ ಬರುತ್ತಾರೆ. ಮುಂಬೈ, ಪುಣೆ, ಹೈದರಾಬಾದಿನಲ್ಲಿ ಹುಟ್ಟಿ ಬೆಳೆದವರು. ಅಪ್ಪನೋ ಮುತ್ಯಾನೋ ಬಿಟ್ಟುಹೋದ ಊರನ್ನು ಒಮ್ಮೆ ನೋಡಬೇಕು ಅಂತ ಕಲಬುರಗಿಯಲ್ಲಿ ರೈಲು ಇಳಿದು, ಆಳಂದಕ್ಕೋ ಚಿಂಚೋಳಿಗೋ ಸುರಪುರಕ್ಕೋ ಹೋಗುತ್ತಾರೆ. ಮನಸ್ಸು ಮುರಿದುಕೊಂಡು ವಾಪಸ್ ಬರುತ್ತಾರೆ. ದೂರು ಹೆಚ್ಚುಕಡಿಮೆ ಒಂದೇ. "ನಾವು ಪ್ರೀತಿಯಿಂದ ಹೋದ್ವಿ, ಅವರು ನಮ್ಮನ್ನ ಅನುಮಾನದಿಂದ ನೋಡಿದ್ರು." ಇದು ಮತ್ತೆ ಮತ್ತೆ ಬರುತ್ತಿರುವುದರಿಂದ ಒಂದು ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಬಂಧಪಟ್ಟ ಇಬ್ಬರ ಒಪ್ಪಿಗೆಯೂ ಇದೆ. ಹೆಸರು ಬದಲಿಸಿದ್ದೇನೆ, ಊರು ಹೇಳುವುದಿಲ್ಲ.

ಸುನಂದಾ ಹುಟ್ಟಿದ್ದು ಮುಂಬೈಯಲ್ಲಿ, ಈಗ ನಲವತ್ತೈದು ದಾಟಿದ್ದಾರೆ. ಅಪ್ಪ ಆಳಂದ ತಾಲೂಕಿನವರು. ಎಪ್ಪತ್ತೆರಡರ ಬರ ಅಂದರೆ ನಮ್ಮ ಕಡೆ ವಯಸ್ಸಾದವರ ದನಿ ಇವತ್ತಿಗೂ ಇಳಿಯುತ್ತದೆ. ಮಹಾರಾಷ್ಟ್ರವೂ ಒಣಗಿತ್ತು, ನಮ್ಮ ಭಾಗವೂ ಒಣಗಿತ್ತು. ಕೂಲಿ ಸಿಕ್ಕರೆ ಸಾಕು ಅಂತ ಗುಳೆ ಹೋದ ಸಾವಿರಾರು ಮಂದಿಯಲ್ಲಿ ಆ ಅಪ್ಪನೂ ಒಬ್ಬರು. ಹೋದವರು ತಿರುಗಿ ಬರಲಿಲ್ಲ. "ತಮ್ಮ ನನ್ನ ಹೊಲ ನುಂಗಿದ, ನನಗೆ ಊರಿಲ್ಲ" ಅಂತ ಮಕ್ಕಳಿಗೆ ಹೇಳಿದ್ದರು. ಆದರೆ ಮನೆದೇವರನ್ನು ಬಿಟ್ಟಿರಲಿಲ್ಲ. ಭೀಮಾ ದಂಡೆಯ ಸನ್ನತಿಗೆ ಬಂದು ಚಂದ್ರಲಾಂಬೆಗೆ ಉಡಿ ತುಂಬಿಸಿ, ಊರಿಗೆ ಹೋಗದೆ ರೈಲು ಹತ್ತುತ್ತಿದ್ದರು. ಅವರು ತೀರಿಕೊಂಡ ಮೇಲೆ ಸುನಂದಾಗೆ ಆ ಊರು ನೋಡಲೇಬೇಕು ಅನ್ನಿಸಿತು.

ಹೋದರು. ಮುಂಚೆ ತಿಳಿಸಿರಲಿಲ್ಲ. ಬಾಡಿಗೆ ಕಾರು, ಪೇಡೆಯ ಡಬ್ಬಿ, ಜೊತೆಗೆ ಗಂಡ ಮತ್ತು ಮಗ. ಮಗ ಕಾರಿನಿಂದ ಇಳಿಯುತ್ತಲೇ ಹಳೇ ಗೋಡೆ, ಕಟ್ಟೆ ಎಲ್ಲ ಮೊಬೈಲಿನಲ್ಲಿ ವಿಡಿಯೋ ಮಾಡತೊಡಗಿದ. ಕಾಕಾ, ಅಂದರೆ ಅಪ್ಪನ ತಮ್ಮ, ಹೊಲಕ್ಕೆ ಹೋಗಿದ್ದರು. ಕಾಕಿ ನೀರು ಕೊಟ್ಟು, ಚಹಾ ತಂದಿಟ್ಟು, ನಿಂತೇ ಕೇಳಿದರು: "ಹೊಲಕ್ಕ ಬಂದೀ ಏನವ್ವಾ?"

ಹೊಲದಲ್ಲಿ ಪಾಲು ಕೇಳಲು ಬಂದೆಯಾ ಅಂತ ಅದರರ್ಥ. ಸುನಂದಾ ಚಹಾ ಮುಟ್ಟದೆ ಎದ್ದು ಬಂದರು. ಕಲಬುರಗಿಯ ಲಾಡ್ಜಿನಲ್ಲಿ ಊಟ ಬಿಟ್ಟು ಅಳುತ್ತಿದ್ದವರನ್ನು ಪರಿಚಯದವರೊಬ್ಬರು ನನ್ನ ಬಳಿ ಕರೆತಂದರು.

ಮೊದಲ ಭೇಟಿಯಲ್ಲಿ ಅವರು ಹೇಳಿದ್ದೆಲ್ಲ ಕೇಳಿ, ಕೊನೆಗೆ ಒಂದೇ ಮಾತು ಕೇಳಿದೆ. "ಕಾಕಿಗೆ ಉತ್ತರ ಕೊಟ್ರಾ?"

"ಅಂಥ ಪ್ರಶ್ನೆಗೆ ಉತ್ತರ ಬೇರೆ ಕೊಡಬೇಕಾ ಮೇಡಮ್?"

ಕೊಡಬೇಕು ಅಂದೆ. ಅವರಿಗೆ ಸಿಟ್ಟು ಬಂತು. ಆದರೂ ಇದರಲ್ಲಿ ನನ್ನ ನಿಲುವು ಗಟ್ಟಿ. ಕಾಕಿಯ ಪ್ರಶ್ನೆ ಒರಟಾಗಿ ಕೇಳಿಸಬಹುದು, ಆದರೆ ಅದು ನ್ಯಾಯವಾದ ಪ್ರಶ್ನೆ. 2000ದ ಸುಮಾರಿಗೆ ಭೂಮಿ ಯೋಜನೆ ಬಂದು ಪಹಣಿಗಳು ಕಂಪ್ಯೂಟರ್ ಸೇರಿದವು. ಈಗ ಮುಂಬೈಯಲ್ಲಿ ಕೂತು ಸರ್ವೆ ನಂಬರ್ ಒತ್ತಿದರೆ ಯಾರ ಹೆಸರಿದೆ ಅಂತ ಗೊತ್ತಾಗುತ್ತದೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿಯಾಗಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಬಂತು. ತಿದ್ದುಪಡಿಗೆ ಮುಂಚೆಯೇ ತಂದೆ ತೀರಿಹೋಗಿದ್ದರೂ ಮಗಳಿಗೆ ಹಕ್ಕಿದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇದು ಒಳ್ಳೆಯ ಕಾನೂನು. ಎಷ್ಟೋ ಹೆಣ್ಣುಮಕ್ಕಳು ಅದರಿಂದ ಬದುಕು ಕಟ್ಟಿಕೊಂಡಿದ್ದಾರೆ. ಆದರೆ ಐವತ್ತು ವರ್ಷ ಅದೇ ಹೊಲದಲ್ಲಿ ಕಳೆ ತೆಗೆದ ಹೆಂಗಸಿನ ಮನೆ ಮುಂದೆ, ತಿಳಿಸದೆ ಒಂದು ಕಾರು ಬಂದು ನಿಂತು, ಒಬ್ಬ ಹುಡುಗ ಗೋಡೆಯ ಫೋಟೋ ಹಿಡಿದರೆ ಆಕೆಗೆ ಮೊದಲು ಏನು ನೆನಪಾಗಬೇಕು? ಅಣ್ಣನ ಮಗಳ ಪ್ರೀತಿ ನೆನಪಾಗಲು ಆಕೆ ಸುನಂದಾಳ ಮುಖವನ್ನೇ ನೋಡಿರಲಿಲ್ಲ.

ಕಾಕಾನ ಜೊತೆ ಒಮ್ಮೆ ಕೂತು ಮಾತಾಡಿ ಅಂದೆ. ಫೋನಿನಲ್ಲಿ ಬೇಡ, ಊರಲ್ಲೂ ಬೇಡ, ಇಬ್ಬರದ್ದೂ ಅಲ್ಲದ ಜಾಗದಲ್ಲಿ. ಆ ಊರಿನ ಒಬ್ಬರ ಮೂಲಕ ಹೇಳಿಕಳಿಸಿದ್ದಾಯಿತು. ಕೆಲವು ವಾರದ ನಂತರ ಕಾಕಾ ಸೋಯಾ ಮಾರಲು ಕಲಬುರಗಿಯ ಬಜಾರಿಗೆ ಬಂದಾಗ ನನ್ನ ಕಚೇರಿಗೆ ಬಂದರು. ಸುನಂದಾ ಮುಂಬೈಯಿಂದ ಒಬ್ಬರೇ ಬಂದಿದ್ದರು.

ಆ ಮಧ್ಯಾಹ್ನದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು.

ಕಾಕಾ ಅಡತ್ ಅಂಗಡಿಯ ಪಟ್ಟಿಯನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು, ಕುರ್ಚಿಯ ತುದಿಯಲ್ಲಿ ಕೂತರು. ಬಹಳ ಹೊತ್ತು ಮಳೆ, ಸೋಯಾದ ರೇಟು, ಮುಂಬೈಯಲ್ಲಿ ನೀರು ಬರುತ್ತದೋ ಇಲ್ಲವೋ ಇಷ್ಟೇ ಮಾತು. ನಾನು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಸುನಂದಾನೇ ಕೇಳಿದರು. "ಕಾಕಾ, ಅಪ್ಪ ಹೋದ ಮ್ಯಾಲ ಏನಾಯ್ತು?"

"ಏನಾಗ್ತದ? ನನಗ ಆಗ ಹದಿನಾಕು. ನಿಮ್ಮ ಮುತ್ಯಾ ಮಾಡಿದ್ದ ಸಾಲ ಇತ್ತು. ಅಣ್ಣ ಹೋದಾ, ಸಾಲ ಹೋಗ್ಲಿಲ್ಲ. ಸಾಹುಕಾರ ನನ್ನ ಕರ್ಕೊಂಡು ಹೋದಾ. ಅವನ ಮನ್ಯಾಗ ಜೀತಾ ಇದ್ದೆ."

"ಎಷ್ಟು ವರ್ಷ?"

"ಕಾಯ್ದಾ ಬಂತಲ್ಲವ್ವಾ, ಅಲ್ಲೀತನಕ. ಬಂದ ಮ್ಯಾಲೂ ಒಂದಿಷ್ಟು ದಿನ."

ಅವರು ಹೇಳಿದ್ದು 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆ. ಹದಿನಾಲ್ಕರ ಹುಡುಗ ಇನ್ನೊಬ್ಬರ ದನ ಕಾಯುತ್ತ, ಸಗಣಿ ಬಾಚುತ್ತ ಹದಿನೆಂಟು ದಾಟಿದ್ದ. ಸಾಲ ತೀರಿ ಹೊಲ ಉಳಿದಿದ್ದು ಹಾಗೆ. ಸುನಂದಾಗೆ ಈ ಕಥೆಯ ಒಂದು ಸಾಲೂ ಗೊತ್ತಿರಲಿಲ್ಲ.

"ಆಯಿ ಹಾಸಿಗಿ ಹಿಡದಾಗ ಅಣ್ಣಗ ಕಾರ್ಡ್ ಬರಸಿದ್ವಿ. ಬರ್ಲಿಲ್ಲ" ಅಂದರು ಕಾಕಾ.

"ಕಾರ್ಡ್ ಮುಟ್ಟಿರಲಿಕ್ಕಿಲ್ಲ ಕಾಕಾ."

"ಇರಬೇಕು. ನಾನೂ ಹಂಗೇ ತಿಳ್ಕೊಂಡೀನಿ."

ಆಮೇಲೆ ಸುನಂದಾ, ನನಗೂ ಹೇಳದೆ ಬಚ್ಚಿಟ್ಟುಕೊಂಡಿದ್ದ ಮಾತು ತೆಗೆದರು. ಊರಿಗೆ ಹೋಗುವ ಮುಂಚೆಯೇ ಅವರು ಪಹಣಿ ನೋಡಿದ್ದರು. "ಮುತ್ಯಾ ತೀರಿದ ಮ್ಯಾಲ ಪಹಣ್ಯಾಗ ನಿಮ್ಮ ಹೆಸರು ಒಂದೇ ಯಾಕ ಬಂತು ಕಾಕಾ? ಅಪ್ಪಂದು ಯಾಕ ಇಲ್ಲ?"

ಕಾಕಾ ತಲೆ ತಗ್ಗಿಸಲಿಲ್ಲ. "ಪಹಣ್ಯಾಗ ನಿಮ್ಮಪ್ಪನ ಹೆಸರ ಹಚ್ಚಿಲ್ಲ, ಖರೇ ಮಾತು. ಹೆಳವರ ಪುಸ್ತಕದಾಗ ಬಿಟ್ಟಿಲ್ಲ. ಅವರು ಬಂದಾಗೊಮ್ಮೆ ನಿಮ್ಮಪ್ಪನ ಪಾಲಿಂದೂ ನಾನೇ ಕೊಟ್ಟೀನಿ. ನೀವು ಎಷ್ಟು ಮಂದಿ, ಹೆಸರೇನು, ಗೊತ್ತಿರಲಿಲ್ಲ. ಮುಂಬೈದಾಗ ಅದಾನ, ಮಕ್ಕಳು ಅದಾವ ಅಂತ ಬರಸೀನಿ."

ಹೆಳವರು ಯಾರು ಅಂತ ಗೊತ್ತಿಲ್ಲದ ಓದುಗರಿಗೆ ಹೇಳುತ್ತೇನೆ. ಮನೆತನಗಳ ವಂಶ ಬರೆದಿಡುವುದೇ ಕಸುಬಾದ ಜನ ಅವರು. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಊರೂರಿಗೆ ಬರುತ್ತಿದ್ದರು. ಕೆಲವು ವರ್ಷಕ್ಕೊಮ್ಮೆ ತಮ್ಮ ಪಾಲಿನ ಮನೆಗಳಿಗೆ ಬಂದು, ನಿಮ್ಮ ಹಿರಿಯರು ಯಾವ ಊರಿಂದ ಬಂದರು, ಯಾರ ಮಗ ಯಾರು ಅಂತ ಓದಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಳ್ಳುತ್ತಾರೆ. ಮನೆಯವರು ಕಾಳು, ರೊಕ್ಕ, ಪಾತ್ರೆ, ಅನುಕೂಲ ಇದ್ದರೆ ಕರು ಕೊಡುತ್ತಾರೆ. ಬೇರು ಹುಡುಕಿ ಬರುವವರಿಗೆ ನಾನು ಯಾವಾಗಲೂ ಹೇಳುವುದು ಇದನ್ನೇ. ಮನೆದೇವರು ಯಾವುದು ಅಂತ ಕೇಳಿ. ಹಳೇ ಶಾಲೆಯ ದಾಖಲಾತಿ ರಿಜಿಸ್ಟರ್ ನೋಡಿ. ನಿಮ್ಮ ಮನೆತನದ ಹೆಳವರು ಯಾರು ಅಂತ ವಿಚಾರಿಸಿ. ಪಹಣಿ ಕಡೆಗಿರಲಿ.

ಸುನಂದಾ ಕೇಳಿದರು. "ಅಪ್ಪನ ಪಾಲಿಂದು ಅಂತ ಏನು ಕೊಡ್ತಿದ್ರಿ ಕಾಕಾ?"

"ಒಮ್ಮೆ ಒಂದು ಚೀಲ ಜ್ವಾಳ. ಒಮ್ಮೆ ಕೈಯಾಗ ಏನೂ ಇರಲಿಲ್ಲ, ತಾಮ್ರದ ಕೊಡ ಕೊಟ್ಟೆ. ಅದು ನಿಮ್ಮ ಕಾಕಿ ತವರುಮನಿದು. ಭಾಳ ಜಗಳಾಡಿದ್ಳು."

ಚಹಾ ಬಿಟ್ಟು ಎದ್ದು ಬಂದಿದ್ದು ಯಾರ ಮನೆಯಿಂದ ಅನ್ನುವುದು ಸುನಂದಾಗೆ ಅರ್ಥವಾಗಿದ್ದು ಈ ಮಾತಿನಿಂದ. ಊರು ಬಿಟ್ಟವರು ತಾವು ಕಳೆದುಕೊಂಡಿದ್ದನ್ನು ಎಣಿಸುತ್ತಾರೆ. ಉಳಿದವರು ಏನೇನು ಹೊತ್ತರು ಅಂತ ಕೇಳುವವರೇ ಇರುವುದಿಲ್ಲ. ತಿರುಗಿ ಬಾರದ ಅಪ್ಪಂದಿರು ಮಕ್ಕಳ ಮುಂದೆ ಮೋಸದ ಕಥೆ ಹೇಳುವುದನ್ನು ನಾನು ಬಹಳ ಕೇಳಿದ್ದೇನೆ. ಅದರಲ್ಲಿ ಸುಳ್ಳೇ ಇರುತ್ತದೆ ಅಂತ ಅಲ್ಲ. ಈ ಪ್ರಕರಣದಲ್ಲೂ ಹೆಸರು ಬಿಟ್ಟಿದ್ದು ತಪ್ಪೇ. ಆದರೆ ಸನ್ನತಿ ತನಕ ಬಂದು ಊರಿಗೆ ಹೋಗದೆ ಹಿಂತಿರುಗಿದ ಮನುಷ್ಯನನ್ನು ತಡೆದಿದ್ದು ಬರೀ ಸಿಟ್ಟು ಅಂತ ನಾನು ನಂಬುವುದಿಲ್ಲ. ತಾಯಿಗೆ, ಸಣ್ಣ ತಮ್ಮನಿಗೆ ಮುಖ ತೋರಿಸಲಾಗದ ಸಂಕಟ ಅದು. ಇದನ್ನು ಸುನಂದಾಗೆ ಹಾಗೇ ಹೇಳಿದೆ. ಅಪ್ಪನನ್ನು ಸಣ್ಣವನನ್ನಾಗಿ ಮಾಡುವ ಮಾತಲ್ಲ ಇದು. ಇಪ್ಪತ್ತೈದರ ಹುಡುಗ ಬರದಲ್ಲಿ ಊರು ಬಿಟ್ಟಿದ್ದ, ಅಷ್ಟೇ.

ಆಮೇಲೆ ನಾನು ಕೊಟ್ಟ ಸಲಹೆ ಹೀಗಿತ್ತು. ಮುಂದಿನ ಸಲ ಊರಿಗೆ ಹೋದಾಗ ಹೊಲದ ಮಾತನ್ನು ನೀವೇ ಮೊದಲು ಎತ್ತಿ, ಅದೂ ಕಾಕಿಯ ಮುಂದೆ. "ಈ ಸಲ ನಾನು ಹೊಲಕ್ಕೆ ಬಂದಿಲ್ಲ. ಆ ವಿಷಯ ಮಾತಾಡೋದಿದ್ರೆ ನಮ್ಮ ಅಣ್ಣನನ್ನೂ ಕರ್ಕೊಂಡು, ಹೇಳಿ ಬರ್ತೀನಿ" ಅಂತ ಇಷ್ಟೇ ಹೇಳಿ. ಯಾವ ಕಾಗದಕ್ಕೂ ಈಗ ಸಹಿ ಹಾಕಬೇಡಿ. ಕಾಕಾನ ಕಥೆ ಕೇಳಿದ ದಿನವೇ ಸುನಂದಾ ಹಕ್ಕು ಬಿಡುಗಡೆ ಪತ್ರ ಬರೆದುಕೊಡಲು ತಯಾರಾಗಿದ್ದರು. ನಾನು ತಡೆದೆ. ಮಗ ವಿಡಿಯೋ ಮಾಡುವುದು ಬೇಡ, ಕೇಳಿ ಒಂದು ಫೋಟೋ ತೆಗೆದರೆ ಸಾಕು. ಹೋಗುವುದಾದರೆ ಎಳ್ಳ ಅಮಾವಾಸ್ಯೆಗೆ ಹೋಗಿ.

ಈ ಸಲಹೆಗೆ ಆಕ್ಷೇಪ ಬಂತು. ಸುನಂದಾಳ ಗಂಡ ಫೋನ್ ಮಾಡಿ, ನೀವು ಮನಸ್ಸಿನ ಡಾಕ್ಟರಾ, ವಕೀಲರಾ ಅಂತ ಕೇಳಿದರು. ಸಹೋದ್ಯೋಗಿಯೊಬ್ಬರು, ಆಕೆ ಹಕ್ಕು ಬಿಟ್ಟು ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದರೆ ನೀವ್ಯಾಕೆ ತಡೆದಿರಿ ಅಂದರು. ತಡೆದಿದ್ದಕ್ಕೆ ಕಾರಣ ಇದೆ. ಅಳುವಾಗ ಕೊಟ್ಟಿದ್ದಕ್ಕೆ ಆರು ತಿಂಗಳ ಮೇಲೆ ಹೊಟ್ಟೆ ಉರಿಯುತ್ತದೆ. ಆಗ ಸಂಬಂಧ ಎರಡನೇ ಸಲ ಮುರಿಯುತ್ತದೆ, ಮತ್ತೆ ಜೋಡಿಸಲು ಆಗುವುದಿಲ್ಲ. ಅಪ್ಪನ ಪಾಲಿನಲ್ಲಿ ಸುನಂದಾಳ ತಾಯಿಗೂ ಅಣ್ಣನಿಗೂ ಭಾಗ ಇದೆ. ಬೇರೆಯವರದ್ದನ್ನು ಆಕೆ ಕೊಡಲು ಬರುವುದಿಲ್ಲ. ಪಹಣಿಯಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಹಕ್ಕು ಹೋಗುವುದೂ ಇಲ್ಲ. ಹಾಗಾಗಿ ಅವಸರ ಯಾರಿಗೂ ಬೇಕಿಲ್ಲ. ಕಾನೂನಿನ ಉಳಿದ ಮಾತು ವಕೀಲರ ಹತ್ತಿರ ಕೇಳಿ ಅಂತಲೇ ಹೇಳಿದ್ದೇನೆ. ಆದರೆ ನಮ್ಮ ಭಾಗದಲ್ಲಿ ರಕ್ತಸಂಬಂಧದ ಸಂಕಟ ಹೊಲ ಬಿಟ್ಟು ಇರುವುದಿಲ್ಲ. ಮನಸ್ಸಿನ ವಿಷಯ ಮಾತ್ರ ಮಾತಾಡೋಣ, ಹೊಲ ಬೇಡ ಅನ್ನುವ ಆಪ್ತಸಲಹೆಯಿಂದ ಇಲ್ಲಿ ಉಪಯೋಗವಿಲ್ಲ ಅಂತ ನನಗೆ ಖಾತ್ರಿಯಿದೆ.

ಎಳ್ಳ ಅಮಾವಾಸ್ಯೆ ಯಾಕೆ ಅಂದರೆ, ಅವತ್ತು ಕಲಬುರಗಿ, ಬೀದರ್ ಕಡೆ ಹೊಲ ಇದ್ದವರು ಇಲ್ಲದವರನ್ನೂ ಕರೆದು ಹೊಲದಲ್ಲಿ ಕೂರಿಸಿ ಉಣಿಸುತ್ತಾರೆ. ಹಸಿ ಕಾಳು, ಸೊಪ್ಪು ಸೇರಿಸಿ ಮಾಡಿದ ಭಜ್ಜಿ, ಸಜ್ಜೆ ರೊಟ್ಟಿ, ಎಳ್ಳು ಹೋಳಿಗೆ, ಅಂಬಲಿ. ಪೂಜೆ ಮಾಡಿ ಬೆಳೆಗೆಲ್ಲ ಚರಗ, ಅಂದರೆ ನೈವೇದ್ಯ, ಚೆಲ್ಲುತ್ತಾರೆ. ಅವತ್ತು ಹೊಲಕ್ಕೆ ಬಂದವರನ್ನು ಯಾಕೆ ಬಂದಿರಿ ಅಂತ ಯಾರೂ ಕೇಳುವುದಿಲ್ಲ.

ಸುನಂದಾ ಹೋದರು. ಗಂಡ ಬರಲಿಲ್ಲ, ಮಗ ಬಂದಿದ್ದ. ಹೇಳಬೇಕಾದ ಮಾತನ್ನು ಕಾಕಿಯ ಮುಂದೆ ಹೇಳಿದರು. ಕಾಕಿ "ಆಯ್ತು" ಅಂದರು, ಬುತ್ತಿ ಬಿಚ್ಚಿ ಬಡಿಸಿದರು, ಬೇರೆ ಮಾತಾಡಲಿಲ್ಲ. ಒಂದು ತಾಮ್ರದ ಕೊಡ ಒಯ್ಯಲಾ ಅಂತ ಸುನಂದಾ ನನ್ನನ್ನು ಮುಂಚೆಯೇ ಕೇಳಿದ್ದರು. ಬೇಡ ಅಂದಿದ್ದೆ. ಕೊಡ ಕೊಟ್ಟ ವಿಷಯ ಕಾಕಾ ಹೇಳಿದ್ದು ನಮಗೆ. ಕಾಕಿ ತಾನಾಗಿ ಹೇಳುವ ತನಕ ಅದನ್ನು ತೀರಿಸಲು ಹೋಗುವುದು ಆಕೆಗೆ ಅವಮಾನ.

ಸುನಂದಾಳ ಅಣ್ಣ ಪಾಲು ಬೇಕೇ ಬೇಕು ಅನ್ನುತ್ತಿದ್ದಾರೆ. ನೋಟಿಸ್ ಕಳಿಸುವ ಮುಂಚೆ ಒಮ್ಮೆ ಊರಿಗೆ ಹೋಗಿ ಕಾಕಾನ ಎದುರು ಕೂತು ಕೇಳಿ ಅಂತ ಅವರಿಗೂ ಹೇಳಿಕಳಿಸಿದ್ದೇನೆ. ಇನ್ನೂ ಹೋಗಿಲ್ಲ. ಹೆಳವರು ಬಂದಾಗ ಬರೆಸಲಿ ಅಂತ ಸುನಂದಾ ತನ್ನದು, ಅಣ್ಣನದು, ಮಕ್ಕಳದು ಎಲ್ಲರ ಹೆಸರನ್ನು ಕನ್ನಡದಲ್ಲಿ ಬರೆದು ಕಾಕಾನ ಕೈಗೆ ಕೊಟ್ಟು ಬಂದಿದ್ದಾರೆ.