ಚಳಿಗಾಲಕ್ಕೆ ಶಿರಸಿ ಕಡೆಯ ಹಳ್ಳಿಗೆ ಬರ್ತಿದ್ದೇವೆ, ಅಲ್ಲಿ ಜನ ಏನು ಮಾಡ್ತಾರೆ?

ನಿಮ್ಮ ಪ್ರಶ್ನೆ ಇಷ್ಟು ಅಂತ ಅರ್ಥ ಮಾಡಿಕೊಂಡಿದ್ದೇನೆ. ಗಂಡ ಹೆಂಡತಿ ಇಬ್ಬರಿಗೂ ಮನೆಯಿಂದಲೇ ಕೆಲಸ. ಡಿಸೆಂಬರಿನಿಂದ ಫೆಬ್ರವರಿವರೆಗೆ ಶಿರಸಿ ಹತ್ತಿರ ಒಂದು ಹಳ್ಳಿಮನೆ ಸಿಕ್ಕಿದೆ. ಅಲ್ಲಿ ಚಳಿ ಹೇಗೆ, ಚಳಿಗಾಲದಲ್ಲಿ ಅಲ್ಲಿನ ಜನ ಏನು ಮಾಡುತ್ತಾರೆ, ಹೊಸಬರು ಅಕ್ಕಪಕ್ಕದವರ ಜೊತೆ ಬೆರೆಯೋದು ಹೇಗೆ, ಬೇಜಾರಾಗಲ್ವಾ?

ಬೇಜಾರಿನ ಮಾತು ಮೊದಲು ಮುಗಿಸುತ್ತೇನೆ. ಚಳಿಗಾಲ ನಮ್ಮ ಕಡೆ ಬಿಡುವಿನ ಕಾಲ ಅಲ್ಲವೇ ಅಲ್ಲ. ಗದ್ದೆ ಕೊಯ್ಲು, ಅಡಕೆ ಕೊಯ್ಲು, ಕಾಳುಮೆಣಸು, ಒಣ ಎಲೆ ಗುಡಿಸೋದು, ಹಳ್ಳಕ್ಕೆ ಒಡ್ಡು, ಆಮೇಲೆ ಬೆಲ್ಲ ಮಾಡುವ ಆಲೆಮನೆ. ಎಲ್ಲ ಒಂದರ ಬಾಲ ಒಂದು ಹಿಡಿದುಕೊಂಡು ಬರುತ್ತವೆ. ಆದ್ದರಿಂದ ಯಾರಾದರೂ ಬಂದು ನಿಮ್ಮನ್ನು ಮಾತಾಡಿಸಲಿ ಅಂತ ಜಗುಲಿಯಲ್ಲಿ ಕೂತರೆ ಸಂಜೆವರೆಗೂ ಕೂತೇ ಇರಬೇಕಾಗುತ್ತದೆ. ಸೊಕ್ಕು ಅಂತ ತಿಳಿಯಬೇಡಿ. ಅವರಿಗೆ ಪುರುಸೊತ್ತಿಲ್ಲ, ಅಷ್ಟೇ. ಕೆಲಸ ನಡೆಯುವ ಕಡೆ ನೀವೇ ಹೋಗಬೇಕು.

ಮೊದಲು ಅಡಕೆ, ಯಾಕೆಂದರೆ ಊರಿನ ಗಡಿಯಾರ ಅದೇ. ಕೆಂಪಡಕೆ ಮಾಡುವವರು ಕಾಯಿ ಹಸಿರಿದ್ದಾಗಲೇ ಕೊನೆ (ಗೊನೆ) ಇಳಿಸುತ್ತಾರೆ. ಸುಲಿದು, ಚೊಗರಿನಲ್ಲಿ (ಹಿಂದೆ ಅಡಕೆ ಬೇಯಿಸಿ ಉಳಿದ ಒಗರು ನೀರು) ಬೇಯಿಸಿ, ಒಣಗಿಸಬೇಕು. ಚಾಲಿ ಮಾಡುವವರು ಹಣ್ಣಾಗುವವರೆಗೆ ಕಾಯುತ್ತಾರೆ. ಸಿಪ್ಪೆ ಸಮೇತ ನಲವತ್ತು ನಲವತ್ತೈದು ದಿನ ಬಿಸಿಲಿಗೆ ಹಾಕುತ್ತಾರೆ, ಸುಲಿಯೋದು ಆಮೇಲೆ. ಕೊನೆಗೌಡ, ಅಂದರೆ ಕೊನೆ ಕೊಯ್ಯುವವನು, ಮರ ಹತ್ತಿ, ಒಂದು ಮರದಿಂದ ಬಾಗಿ ಇನ್ನೊಂದನ್ನು ಹಿಡಿದುಕೊಂಡು ನೆಲಕ್ಕೆ ಇಳಿಯದೆ ಸಾಲು ಮುಗಿಸುವುದನ್ನು ಒಮ್ಮೆ ನೋಡಿ. ಆ ಕೆಲಸ ಬಲ್ಲವರು ಈಗ ಕಡಿಮೆ. ಅದಕ್ಕೇ ಒಂದು ಊರಿನ ಕೊಯ್ಲು ಯಾವತ್ತು ಅನ್ನೋದನ್ನು ತೋಟದ ಯಜಮಾನ ತೀರ್ಮಾನಿಸುವುದಿಲ್ಲ, ಕೊನೆಗೌಡ ತೀರ್ಮಾನಿಸುತ್ತಾನೆ. ಈಚೆಗೆ ನೆಲದಲ್ಲೇ ನಿಂತು ಕೊಯ್ಯುವ ಕಾರ್ಬನ್ ಫೈಬರ್ ದೋಟಿಯೂ ಬಂದಿದೆ. ಕತ್ತು ನೋಯುತ್ತದೆ ಅಂತ ದೂರುವವರೂ ಇದ್ದಾರೆ.

ಹಿಂದೆ ಬೆರೆಯೋಕೆ ಸುಲಭದ ಜಾಗ ಅಂದರೆ ಅಡಕೆ ಸುಲಿಯುವ ಅಂಗಳ. ರಾತ್ರಿ ಊಟ ಮುಗಿಸಿ ಒಬ್ಬೊಬ್ಬರೂ ತಮ್ಮ ಮೆಟ್ಟುಗತ್ತಿ (ಅಡಕೆ ಸುಲಿಯುವ ಕತ್ತಿ) ಹಿಡಿದು ಬರುತ್ತಿದ್ದರು. ಅಲಗಿಗೆ ಕಾಯಿ ಒತ್ತಿ ತಿರುವಿದರೆ ಸಿಪ್ಪೆ ಬಿಡುತ್ತದೆ. ನೋಡೋಕೆ ಸುಲಭ, ನಮ್ಮ ಕೈಗೆ ಬರೋಕೆ ತುಂಬ ದಿನ ಬೇಕು. ಇವತ್ತು ನಿಮ್ಮ ಮನೆ, ನಾಳೆ ನಮ್ಮ ಮನೆ. ಇದಕ್ಕೆ ಮುಯ್ಯಾಳು ಅನ್ನುತ್ತಾರೆ, ದುಡ್ಡಿನ ಲೆಕ್ಕ ಇಲ್ಲ. ಊರಿನ ಸುದ್ದಿ, ಮದುವೆ ಸಂಬಂಧ, ಹಿಂದಿನ ರಾತ್ರಿಯ ಯಕ್ಷಗಾನದ ಆಟದಲ್ಲಿ ಯಾವ ವೇಷ ಕಳೆಕಟ್ಟಿತು, ಎಲ್ಲ ಅಲ್ಲೇ. ಈಗ ಸುಲಿಯುವ ಯಂತ್ರ ಬಂದು ಮುಯ್ಯಾಳು ತೆಳುವಾಗಿದೆ. ಅಯ್ಯೋ ಹಳೇ ಕಾಲ ಹೋಯಿತಲ್ಲ ಅಂತ ನಾನೇನೂ ಅಳುವುದಿಲ್ಲ. ಮಧ್ಯರಾತ್ರಿವರೆಗೆ ಕೂತು ಸುಲಿದು, ಬೆಳಿಗ್ಗೆ ಮತ್ತೆ ಕೊಟ್ಟಿಗೆ ಕೆಲಸಕ್ಕೆ ಏಳುತ್ತಿದ್ದವರು ಹೆಚ್ಚಾಗಿ ಹೆಂಗಸರು. ಅವರ ಸೊಂಟವನ್ನು ಕೇಳಿದರೆ ಯಂತ್ರವೇ ವಾಸಿ ಅನ್ನುತ್ತದೆ. ಆದರೂ ಕೆಲವು ಮನೆಗಳಲ್ಲಿ ಕೈಸುಲಿತ ಇನ್ನೂ ಇದೆ. ಸಿಕ್ಕರೆ ಹೋಗಿ ಕೂತುಕೊಳ್ಳಿ. ಹಸಿ ಅಡಕೆಯ ಕಲೆ ಬೆರಳಿಗೆ ಹತ್ತಿದರೆ ಸೋಪಿಗೆ ಬಗ್ಗುವುದಿಲ್ಲ. ವಿಡಿಯೋ ಮೀಟಿಂಗಿನಲ್ಲಿ ಕೈ ಕೆಳಗಿಟ್ಟುಕೊಂಡರಾಯಿತು.

ಯಂತ್ರ ಬಂದರೂ ತಪ್ಪದ ಒಂದು ಕೆಲಸ ಇದೆ, ಹಳ್ಳಕ್ಕೆ ಒಡ್ಡು ಹಾಕುವುದು. ನನ್ನನ್ನು ಕೇಳಿದರೆ, ಹೊಸಬರು ಸೇರಿಕೊಳ್ಳಬೇಕಾದದ್ದು ಇದಕ್ಕೇ. ಅಡಕೆ ಅವರವರದ್ದು, ದನ ಅವರವರದ್ದು. ನೀರು ಮಾತ್ರ ಬೇಲಿ ನೋಡಿ ನಿಲ್ಲುವುದಿಲ್ಲ. ವರ್ಷಕ್ಕೆ 2000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಲ್ಲಿ ನೀರಿಗೇನು ಬರ ಅಂತ ನಿಮಗೆ ಅನಿಸಬಹುದು. ಬೀಳುವುದೆಲ್ಲ ಜೂನಿನಿಂದ ಸೆಪ್ಟೆಂಬರಿನೊಳಗೆ ಬಿದ್ದು ಇಳಿಜಾರಿನಲ್ಲಿ ಓಡಿ ಘಟ್ಟದ ಕೆಳಗೆ ಹೋಗಿಬಿಡುತ್ತದೆ. ಮಾರ್ಚಿಗೆ ಬಾವಿ ತಳ ಕಾಣುತ್ತದೆ. ಡಿಸೆಂಬರಿನಲ್ಲಿ ಹಳ್ಳ ಸಣ್ಣಗೆ ಹರಿಯುತ್ತಿರುವಾಗಲೇ ತಡೆದರೆ ತೋಟದ ಕಾಲುವೆಗೆ ನೀರು ಏರುತ್ತದೆ, ಆಸುಪಾಸಿನ ಬಾವಿಗೂ ಜೀವ ಬರುತ್ತದೆ.

ಒಡ್ಡಿನ ಜಾಗ ಯಾರೂ ಹೊಸದಾಗಿ ಹುಡುಕುವುದಿಲ್ಲ. ಅಜ್ಜನ ಕಾಲದಿಂದ ಅದೇ ಜಾಗ: ಹಳ್ಳ ಕಿರಿದಾಗಿ ಎರಡೂ ಕಡೆ ಗಟ್ಟಿ ದಂಡೆ ಇರುವಲ್ಲಿ. ಮೊದಲು ತಳದ ಮರಳು, ಕೊಳೆತ ಎಲೆ ಎಲ್ಲ ಬಿಡಿಸಿ ಗಟ್ಟಿ ನೆಲ ಮುಟ್ಟಬೇಕು. ಈ ಕೆಲಸ ಯಾರಿಗೂ ಇಷ್ಟವಿಲ್ಲ, ನೀರು ಕೊರೆಯುತ್ತಿರುತ್ತದೆ. ಆದರೆ ಇದನ್ನು ಹಾರಿಸಿ ಮರಳಿನ ಮೇಲೆ ಕಟ್ಟಿದರೆ ನೀರು ಅಡಿಯಿಂದ ದಾರಿ ಮಾಡಿಕೊಂಡು ಹೋಗುತ್ತದೆ, ಮೇಲೆ ಎಷ್ಟು ಎತ್ತರಿಸಿದರೂ ಸುಮ್ನೆ ದಂಡ. ಹಿಂದೆ ಗೂಟ ಹೊಡೆದು, ಸೊಪ್ಪು, ಕಲ್ಲು, ಮಣ್ಣು ಹಾಕಿ ಕಟ್ಟುತ್ತಿದ್ದರು. ಈಗ ಸಿಮೆಂಟಿನ, ಗೊಬ್ಬರದ ಖಾಲಿ ಚೀಲಕ್ಕೆ ಮರಳು ತುಂಬುತ್ತಾರೆ. ಚೀಲವನ್ನು ಬಾಯಿಮಟ ತುಂಬಬಾರದು. ಮುಕ್ಕಾಲು ತುಂಬಿ ಬಾಯಿ ಕಟ್ಟಿದರೆ ಅದು ಅಗಲವಾಗಿ ಕೂತು ಪಕ್ಕದ್ದಕ್ಕೆ ಅಂಟಿಕೊಳ್ಳುತ್ತದೆ. ಬಿಗಿಯಾಗಿ ತುಂಬಿದ್ದು ಉರುಳುತ್ತದೆ, ಸಂದು ಬಿಡುತ್ತದೆ. ಕೆಳಗಿನ ಎರಡು ಚೀಲದ ಸಂದಿನ ಮೇಲೆ ಮೇಲಿನ ಚೀಲ ಬರಬೇಕು, ಗೋಡೆಗೆ ಇಟ್ಟಿಗೆ ಇಟ್ಟ ಹಾಗೆ. ಹೀಗೆ ಎರಡು ಸಾಲು, ನಡುವೆ ಒಂದೆರಡು ಅಡಿ ಜಾಗ. ಆ ಜಾಗಕ್ಕೆ ಜಿಗುಟು ಮಣ್ಣು ಸುರಿದು ತುಳಿಯೋದು. ತುಳಿಯುವ ಕೆಲಸ ಮಕ್ಕಳಿಗೆ ಬಿಟ್ಟದ್ದು. ಬೇಡ ಅಂದರೂ ಬಂದು ತುಳಿಯುತ್ತಾರೆ.

ಇಷ್ಟೂ ಹೊತ್ತು ನೀರು ಹೋಗೋಕೆ ಒಂದು ಕಂಡಿ ಬಿಟ್ಟಿರುತ್ತಾರೆ. ಅದನ್ನು ಮುಚ್ಚುವಾಗ ನೋಡಬೇಕು ಗಲಾಟೆ. ಕಂಡಿ ಕಿರಿದಾದಷ್ಟೂ ನೀರಿನ ಸೆಳೆತ ಜಾಸ್ತಿ, ಒಂದು ಚೀಲ ಇಟ್ಟರೆ ಪಕ್ಕದ್ದು ಸರಿಯುತ್ತದೆ. ಆಗ ಮಾತ್ರ ಭಟ್ಟರು, ನಾಯ್ಕರು, ಗೌಡರು ಅನ್ನುವುದೆಲ್ಲ ಹೋಗಿ "ತಾ ಮಾರಾಯಾ, ಬೇಗ ತಾ, ಅದಲ್ಲ, ದೊಡ್ಡದು" ಅಂತ ಕೂಗಾಟ. ಕೈಯಿಂದ ಕೈಗೆ ಚೀಲ ದಾಟುತ್ತದೆ. ಕಂಡಿ ಮುಚ್ಚಿ ಮಣ್ಣು ಒತ್ತಿದ ಮೇಲೆ ಎಲ್ಲರೂ ದಂಡೆಯಲ್ಲಿ ಕೂತು ಕವಳ (ಎಲೆ ಅಡಕೆ) ಹಾಕುತ್ತಾ ನೀರು ಏರುವುದನ್ನೇ ನೋಡುತ್ತಾರೆ. ಅಲ್ಲಿ ಸೋರುತ್ತಿದೆ, ಇಲ್ಲಿ ಸೋರುತ್ತಿದೆ ಅಂತ ಕೂತಲ್ಲಿಂದಲೇ ಬೆರಳು ತೋರಿಸುವವರೇ ಜಾಸ್ತಿ. ಅವತ್ತು ಹತ್ತಿರದ ಯಾವುದೋ ಮನೆಯಿಂದ ಅವಲಕ್ಕಿ, ಮಜ್ಜಿಗೆ ಬಂದೇ ಬರುತ್ತದೆ.

ಇದರಲ್ಲಿ ಸೇರೋದು ಹೇಗೆ? "ನಾವೂ ಸಹಾಯ ಮಾಡಲಾ?" ಅಂತ ಕೇಳಬೇಡಿ. ಕೇಳಿದರೆ "ಛೆ ಛೆ, ನಿಮಗ್ಯಾಕೆ ತೊಂದರೆ" ಅನ್ನುವ ಉತ್ತರವೇ ಬರುವುದು, ಅದು ಮರ್ಯಾದೆ. ಬರುವಾಗ ಖಾಲಿ ಸಿಮೆಂಟ್ ಚೀಲ ಒಂದು ಕಟ್ಟು ತನ್ನಿ. ಬೆಂಗಳೂರಿನಲ್ಲಿ ಕಟ್ಟಡ ಏಳದ ರಸ್ತೆ ಯಾವುದಿದೆ ಹೇಳಿ? ಹಳ್ಳಿಯಲ್ಲಿ ಅದಕ್ಕೆ ಯಾವಾಗಲೂ ಪರದಾಟ. ಪಕ್ಕದ ಮನೆಯಲ್ಲಿ "ಚೀಲ ತಂದಿದ್ದೇನೆ, ಒಡ್ಡು ಯಾವತ್ತು?" ಅಂದರೆ ಸಾಕು. ಅವತ್ತು ಹಳೇ ಚಡ್ಡಿ ಹಾಕಿ ಹೋಗಿ ಚೀಲದ ಬಾಯಿ ಹಿಡಿದು ನಿಲ್ಲಿ. ಮರಳು ತುಂಬುವವನಿಗೆ ಚೀಲ ಹಿಡಿಯುವ ಒಬ್ಬ ಬೇಕೇ ಬೇಕು, ಆ ಕೆಲಸಕ್ಕೆ ಅನುಭವ ಬೇಡ.

ಒಂದು ಎಚ್ಚರ. ಒಡ್ಡಿನ ಕೆಳಗೂ ತೋಟ ಇರುತ್ತದೆ. ಮೇಲಿನವರು ಪೂರ್ತಿ ತಡೆದರೆ ಕೆಳಗಿನವರಿಗೆ ಏನು ಉಳಿಯಿತು? ತುಂಬಿದ ಮೇಲೆ ಉಕ್ಕಿ ಹೋಗುವ ನೀರು ಅವರಿಗೆ ಅಂತ ಲೆಕ್ಕ. ಆದರೆ ತುಂಬುವವರೆಗಿನ ದಿನಗಳಲ್ಲಿ ಸಣ್ಣಪುಟ್ಟ ಜಗಳ ಇದ್ದದ್ದೇ. ಯಾರು ಸರಿ ಅಂತ ನಿಮ್ಮನ್ನು ಕೇಳಿದರೆ ಕವಳದ ಬಟ್ಟಲು ಎಲ್ಲಿ ಅಂತ ಹುಡುಕಿ. ಇನ್ನು ನನ್ನ ಒಂದು ಸಿಟ್ಟು: ಮಳೆಗೆ ಮುಂಚೆ ಚೀಲ ತೆಗೆಯದೆ ಬಿಟ್ಟುಬಿಡುತ್ತಾರೆ. ಬೇಸಿಗೆಯ ಬಿಸಿಲಿಗೆ ಅದು ಎಳೆ ಎಳೆಯಾಗಿ ಹರಿದು, ಜೂನ್ ತಿಂಗಳ ಮೊದಲ ನೆರೆಗೆ ಪ್ಲಾಸ್ಟಿಕ್ ಎಲ್ಲ ಹಳ್ಳದ ಪಾಲು. ಕಟ್ಟುವಾಗ ಬರುವ ಜನ ಬಿಚ್ಚುವಾಗ ಬರುವುದಿಲ್ಲ.

ಒಣಗುವ ಅಡಕೆಗೆ ಸಂಬಂಧಿಸಿ ಇನ್ನೊಂದು ಮಾತು. ಅಂಗಳದಲ್ಲಿ ಅಡಕೆ ಮರದ ಕಂಬ ನೆಟ್ಟು, ಮರ ಸೀಳಿದ ದಬ್ಬೆ ಹಾಸಿ ಎತ್ತರದ ಚಪ್ಪರ ಹಾಕಿರುತ್ತಾರೆ. ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ನಮ್ಮ ಆಕಾಶದಲ್ಲೂ ಮೋಡ. ನಾಲ್ಕು ಹನಿ ಬಿದ್ದರೂ ಬೇಯಿಸಿದ ಅಡಕೆಯ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟರೆ ಪೇಟೆಯಲ್ಲಿ ದರ ಇಳಿಯುತ್ತದೆ. ಅಂಥ ಹೊತ್ತಲ್ಲಿ ಪಕ್ಕದ ಮನೆಯಲ್ಲಿ ಇರುವುದು ವಯಸ್ಸಾದ ಅಜ್ಜ ಅಜ್ಜಿ ಮಾತ್ರ ಆಗಿದ್ದರೆ ಲ್ಯಾಪ್‌ಟಾಪ್ ಮುಚ್ಚಿಟ್ಟು ಓಡಿ ತಾಡಪಾಲು ಎಳೆಯಿರಿ. ಆ ಹತ್ತು ನಿಮಿಷ ಅವರು ಮರೆಯುವುದಿಲ್ಲ, ನಿಮ್ಮ ಮೂರು ತಿಂಗಳ ತರಕಾರಿಗೆ ಚಿಂತೆ ಇಲ್ಲ. ಶಿರಸಿ ಸುಪಾರಿಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದ್ದು ಎಲ್ಲರಿಗೂ ಹೆಮ್ಮೆಯೇ, ಆದರೆ ಮೋಡ ಬಂದಾಗ ಅದು ತಾಡಪಾಲು ಎಳೆಯೋಕೆ ಬರುವುದಿಲ್ಲ ನೋಡಿ.

ಜನವರಿಯಲ್ಲಿ ದರಕು ಗುಡಿಸುತ್ತಾರೆ. ದರಕು ಅಂದರೆ ಬೆಟ್ಟದಲ್ಲಿ ಉದುರಿದ ಒಣ ಎಲೆ. ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ, ತೋಟಕ್ಕೆ ಹಾಕುತ್ತಾರೆ. ಇಲ್ಲಿ ಅಡಕೆ ತೋಟಕ್ಕೆ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು ದರಕು ತರುವ ಕಾಡು, ಬಿಟ್ಟಿದ್ದು ಬ್ರಿಟಿಷರ ಕಾಲದಲ್ಲಿ, ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ. ಗುಡಿಸೋದನ್ನು ನೋಡೋಕೆ ಹೋಗುವುದಾದರೆ ಉದ್ದ ತೋಳಿನ ಅಂಗಿ, ಪ್ಯಾಂಟು ಹಾಕಿ. ಉಣುಗು (ಉಣ್ಣೆ ಹುಳ) ಕಚ್ಚುವ ಕಾಲ ಅದು, ಮಂಗನ ಕಾಯಿಲೆ ಹರಡುವುದು ಅದರಿಂದಲೇ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಕಡೆ ಮೊದಲು ಗೊತ್ತಾದ ಕಾಯಿಲೆ ಇದು. ಸಿದ್ದಾಪುರದ ಕಡೆಯೂ ಜನ ಸತ್ತಿದ್ದಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಮೈಗೆ ಹಚ್ಚುವ ಎಣ್ಣೆ ಕೊಡುತ್ತಾರೆ. ಕಾಡಲ್ಲಿ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಆರೋಗ್ಯ ಇಲಾಖೆಯವರಿಗೆ ಹೇಳಿ. ಹೆದರಿಸೋಕೆ ಹೇಳುತ್ತಿಲ್ಲ, ಊರವರು ನಿಮಗೆ ಇದನ್ನು ಹೇಳೋಕೆ ಮರೆಯಬಹುದು ಅಂತ.

ಕೊನೆಗೆ ಬರೋದು ಆಲೆಮನೆ, ಜನವರಿ ಕೊನೆಯಿಂದ ಶುರು. ಗಾಣಕ್ಕೆ ಕೋಣ ಕಟ್ಟುವುದು ಈಗ ಅಪರೂಪ, ಎಂಜಿನ್ನೇ ಜಾಸ್ತಿ. ಆಲೆಮನೆಗೆ ಬಂದವರಿಗೆ ಕಬ್ಬಿನ ಹಾಲು ಇಲ್ಲ ಅನ್ನುವಂತಿಲ್ಲ, ಇದು ನಮ್ಮ ಕಡೆಯ ಪದ್ಧತಿ. ಪರಿಚಯ ಇಲ್ಲದಿದ್ದರೂ ಹೋಗಬಹುದು. ಜೊತೆಗೆ ಮಂಡಕ್ಕಿ, ಖಾರದ್ದು ಏನಾದರೂ ಇರಲಿ, ಬರೀ ಹಾಲು ಎರಡು ಲೋಟದ ಮೇಲೆ ಇಳಿಯುವುದಿಲ್ಲ. ಸಾಧ್ಯವಾದರೆ ತೊಡೆದೇವು ಅನ್ನುವ ತೆಳು ಸಿಹಿತಿಂಡಿ ಮಾಡುವ ಮನೆಯಲ್ಲಿ ಒಂದು ಗಂಟೆ ಕೂತು ನೋಡಿ. ಬೋರಲು ಹಾಕಿದ ಮಡಕೆಯ ಕೆಳಗೆ ಬೆಂಕಿ. ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಮಡಕೆಯ ಬೆನ್ನಿಗೆ ಒಮ್ಮೆ ಎಳೆದರೆ ತೆಳು ಹಾಳೆ ಏಳುತ್ತದೆ. ಗರಿಗರಿಯಾಗುವ ಮೊದಲೇ ಮಡಚಿಬಿಡಬೇಕು, ಒಂದು ಕ್ಷಣ ತಡವಾದರೆ ಪುಡಿಪುಡಿ. ಪೇಟೆಯಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತ ನನ್ನ ಅಭಿಪ್ರಾಯ.

ಚಳಿಯ ವಿಷಯ ಕೇಳಿದ್ದಿರಿ. ಬೆಳಿಗ್ಗೆ ಮಂಜು, ಮಧ್ಯಾಹ್ನ ಅಂಗಿ ಬಿಚ್ಚುವಷ್ಟು ಬಿಸಿಲು. ಬಚ್ಚಲ ಒಲೆ ಇರುವ ಮನೆಯಾದರೆ ಹೀಟರ್ ತರಬೇಡಿ. ಇನ್‌ವರ್ಟರ್ ಇದೆಯಾ ಅಂತ ಮಾತ್ರ ಈಗಲೇ ಕೇಳಿ. ಮೊಬೈಲ್ ಸಿಗ್ನಲ್ ಗುಡ್ಡದ ಈಚೆ ಇದ್ದರೆ ಆಚೆ ಇರುವುದಿಲ್ಲ, ಅಡ್ವಾನ್ಸ್ ಕೊಡುವ ಮೊದಲು ಮನೆಯ ಒಳಗೇ ನಿಂತು ಫೋನ್ ಮಾಡಿ ನೋಡಿ.

ಇಷ್ಟೆಲ್ಲ ಕೆಲಸ ನಮ್ಮಿಂದಾಗಲ್ಲ ಅನಿಸಿದರೆ ಘಟ್ಟ ಇಳಿದು ಕುಮಟಾ, ಗೋಕರ್ಣದ ಕಡೆ ಮನೆ ನೋಡಿ. ಅಲ್ಲಿ ಚಳಿ ಇಲ್ಲವೇ ಇಲ್ಲ ಅನ್ನಬಹುದು. ಭತ್ತ ಕೊಯ್ದ ಗದ್ದೆಯಲ್ಲಿ ಶೇಂಗಾ, ಈರುಳ್ಳಿ ಎದ್ದಿರುತ್ತದೆ. ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕುವ ಸಿಹಿ ಈರುಳ್ಳಿ ಅದೇ, ಆದರೆ ಅದು ಮಾರಾಟಕ್ಕೆ ಬರುವಷ್ಟರಲ್ಲಿ ನೀವು ವಾಪಸ್ ಹೋಗಿರುತ್ತೀರಿ. ಸಾಣಿಕಟ್ಟೆಯ ಉಪ್ಪಿನ ಆಗರ ನೋಡಬಹುದು. ಅಲ್ಲಿನ ಜನರ ಜೊತೆ ಬೆರೆಯುವ ದಾರಿ ಬೇರೆ, ಅದನ್ನು ಕರಾವಳಿಯವರೇ ಹೇಳಲಿ.

ನಿಮ್ಮ ಮನೆ ಸಿದ್ದಾಪುರ ರಸ್ತೆ ಕಡೆಯೋ ಯಲ್ಲಾಪುರ ಕಡೆಯೋ ಅಂತ ಇಲ್ಲೇ ಬರೆಯಿರಿ. ಆ ಕಡೆ ಒಡ್ಡು ಯಾವಾಗ, ಆಲೆಮನೆ ಎಲ್ಲೆಲ್ಲಿ ಅಂತ ವಿಚಾರಿಸಿ ತಿಳಿಸುತ್ತೇನೆ.