ಒಂದೇ ದಿನದಲ್ಲಿ ದೊಡ್ಡ ಬೊಟಾನಿಕಲ್ ಗಾರ್ಡನ್ ಪೂರ್ತಿ ನೋಡಬಹುದಾ?

ಇರುವುದು ಒಂದೇ ದಿನ, ಜೊತೆಗೆ ಮಂಡಿನೋವಿನ ಅಮ್ಮ, ಎಂಟು ವರ್ಷದ ಮಗಳು, ಆದರೂ ಏನನ್ನೂ ಬಿಡಬಾರದು ಅಂತ ಕೇಳಿದ್ದೀರಿ. ಪೂರ್ತಿ ನೋಡುವ ಆಸೆ ಈಗಲೇ ಬಿಟ್ಟುಬಿಡಿ. ಲಂಡನ್ನಿನ ಕ್ಯೂ ಗಾರ್ಡನ್ಸ್ 300 ಎಕರೆಗೂ ಜಾಸ್ತಿ ಇದೆ. ಅಂಥ ಕಡೆ ಎಲ್ಲಾ ನೋಡ್ತೀನಿ ಅಂತ ಹೊರಟರೆ ಕಾಲು ಸೋಲುತ್ತದೆ ಅಷ್ಟೇ.

ನಾನು ಮ್ಯಾಪ್ ತೆರೆಯುವ ಮೊದಲು ಈ ವಾರ ಅಲ್ಲಿ ಏನು ಅರಳಿದೆ ಅಂತ ನೋಡುತ್ತೇನೆ. ಎಷ್ಟೋ ಗಾರ್ಡನ್‌ಗಳು ಇದನ್ನು ವೆಬ್‌ಸೈಟಿನಲ್ಲಿ ಹಾಕುತ್ತವೆ. ಸುಮಾತ್ರಾದ ದೈತ್ಯ ಹೂ ಟೈಟನ್ ಆರಮ್ ಅರಳುವ ಸುದ್ದಿ ಇದ್ದರೆ ಉಳಿದ ಪ್ಲಾನೆಲ್ಲ ಪಕ್ಕಕ್ಕಿಡಿ. ಅರಳಿದ ಎರಡು ಮೂರು ದಿನಕ್ಕೆ ಅದರ ಕಥೆ ಮುಗಿಯುತ್ತದೆ, ಮತ್ತೆ ಅರಳಲು ವರ್ಷಗಳೇ ಬೇಕು. ಕೊಳೆತ ಮಾಂಸದ ವಾಸನೆ, ಅದೂ ಮೊದಲ ರಾತ್ರಿ ಜೋರು. ಮಗಳಿಗೆ ಖಂಡಿತ ಖುಷಿಯಾಗುತ್ತದೆ. ಅಮ್ಮನಿಗೆ ಮಾತ್ರ ಮೊದಲೇ ಹೇಳಿಬಿಡಿ!

ಆಮೇಲೆ ಯಾವುದನ್ನು ಯಾವ ಹೊತ್ತಿಗೆ ಅಂತ ಯೋಚಿಸಿ. ತಾವರೆ ಕೊಳಕ್ಕೆ ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಹೊತ್ತಿಗೆ ಹೂ ಮುಚ್ಚಿಕೊಳ್ಳುತ್ತದೆ. ಅಮೆಜಾನಿನ ದೈತ್ಯ ನೈದಿಲೆ ವಿಕ್ಟೋರಿಯಾ ಇದಕ್ಕೆ ಉಲ್ಟಾ, ಅದು ಅರಳುವುದೇ ಸಂಜೆ. ಮೊದಲ ಸಂಜೆ ಬಿಳಿ ಹೂ, ಒಳ್ಳೆ ಪರಿಮಳ. ಒಳಗೆ ಬಂದ ದುಂಬಿಗಳನ್ನು ಇರಿಸಿಕೊಂಡೇ ಮುಚ್ಚಿಕೊಳ್ಳುತ್ತದೆ. ಮರುದಿನ ಸಂಜೆ ಮತ್ತೆ ತೆರೆದಾಗ ಬಣ್ಣ ಗುಲಾಬಿ. ಹೂವಿಲ್ಲದಿದ್ದರೂ ಎಲೆ ನೋಡಿ. ಎರಡು ಮೀಟರಿಗೂ ಅಗಲ ಬೆಳೆಯುತ್ತದೆ, ಅಂಚು ತಟ್ಟೆಯ ಹಾಗೆ ಮೇಲಕ್ಕೆ ಮಡಚಿರುತ್ತದೆ. ಬಗ್ಗಿ ನೋಡಿದರೆ ಮಡಚಿದ ಅಂಚಿನ ಹೊರಮೈಯಲ್ಲಿ ದಪ್ಪ ನರಗಳೂ ಚೂಪು ಮುಳ್ಳುಗಳೂ ಕಾಣುತ್ತವೆ.

ಗಾಜಿನ ಮನೆಗಳ ವಿಷಯದಲ್ಲಿ ಸ್ವಲ್ಪ ಜಾಗ್ರತೆ. ಬೇಸಿಗೆಯಾದರೆ ಬೆಳಿಗ್ಗೆಯೇ ಮುಗಿಸಿ, ಚಳಿಗಾಲವಾದರೆ ಮಧ್ಯದಲ್ಲಿ ಮೈ ಬೆಚ್ಚಗಾಗಲು ಇಟ್ಟುಕೊಳ್ಳಿ. ಉಷ್ಣವಲಯದ ಗಿಡಗಳ ಮನೆಯಲ್ಲಿ ನೆಲ ಒದ್ದೆ ಇರುತ್ತದೆ, ಅಮ್ಮನ ಕೈ ಹಿಡಿದುಕೊಳ್ಳಿ. ಹೊರಗೆ ಚಳಿ ಇದ್ದರೆ ಒಳಗೆ ಹೋದ ತಕ್ಷಣ ಫೋನಿನ ಲೆನ್ಸ್ ಮಂಜಾಗುತ್ತದೆ, ಸ್ವಲ್ಪ ಹೊತ್ತು ಕಾದರೆ ಸರಿಹೋಗುತ್ತದೆ.

ಅಮ್ಮನಿಗಾಗಿ ಮಾಡಬೇಕಾದ ದೊಡ್ಡ ಕೆಲಸ ಸರಿಯಾದ ಗೇಟ್ ಆರಿಸುವುದು. ದೊಡ್ಡ ಗಾರ್ಡನ್‌ಗಳಿಗೆ ಮೂರ್ನಾಲ್ಕು ಗೇಟ್ ಇರುವುದುಂಟು. ಮುಖ್ಯ ಗೇಟೇ ಬೇಕು ಅಂತೇನಿಲ್ಲ ಅಲ್ವಾ? ನೀವು ನೋಡಬೇಕಾದ್ದಕ್ಕೆ ಹತ್ತಿರದ ಗೇಟಿನಿಂದ ಒಳಗೆ ಹೋಗಿ. ವೀಲ್‌ಚೇರ್, ಬ್ಯಾಟರಿ ಗಾಡಿ ಸಿಗುತ್ತಾ ಅಂತ ಮೊದಲೇ ಕೇಳಿಡಿ.

ಮಗಳಿಗೆ ಗಿಡದ ಲೇಬಲ್ ಓದುವುದನ್ನು ಕಲಿಸಿ. ಹೆಸರಿನ ನಡುವೆ ಗುಣಾಕಾರದ ಚಿಹ್ನೆ ಇದ್ದರೆ ಅದು ಮಿಶ್ರತಳಿ. ಒಂಟಿ ಉದ್ಧರಣ ಚಿಹ್ನೆಯೊಳಗೆ ಹೆಸರಿದ್ದರೆ ಮನುಷ್ಯರು ಆರಿಸಿ ಬೆಳೆಸಿದ ತಳಿ. ಮೂಲೆಯಲ್ಲಿ ಒಂದು ಸಣ್ಣ ನಂಬರ್ ಇರುತ್ತದೆ. ಎಷ್ಟೋ ಕಡೆ ಅದು ಶುರುವಾಗುವುದು ಗಿಡ ಗಾರ್ಡನ್ನಿಗೆ ಬಂದ ಇಸವಿಯಿಂದ. 1987 ಅಂತಿದ್ದರೆ ಆ ವರ್ಷ ಬಂದದ್ದು. ಅಜ್ಜಿ ಹುಟ್ಟುವ ಮೊದಲೇ ಬಂದ ಗಿಡ ಹುಡುಕು ಅಂತ ಬಿಡಿ, ಸುಮ್ನೆ ಓಡಾಡುತ್ತಾಳೆ. ಇಟಲಿಯ ಪಾಡುವಾ ಗಾರ್ಡನ್ನಿನಲ್ಲಿ 1585ರಲ್ಲಿ ನೆಟ್ಟ ತಾಳೆ ಜಾತಿಯ ಗಿಡವೊಂದು ಇನ್ನೂ ಬದುಕಿದೆ ಅಂತಲೂ ಹೇಳಿ.

ಊಟ ತಿಂಡಿ ಒಳಗೆ ಬಿಡುತ್ತಾರಾ, ಕೊನೆಯ ಟಿಕೆಟ್ ಎಷ್ಟು ಹೊತ್ತಿಗೆ, ಇದೆಲ್ಲ ವೆಬ್‌ಸೈಟಿನಲ್ಲಿ ಸಿಗುತ್ತದೆ. ಗಾಜಿನ ಮನೆಗಳನ್ನು ಗೇಟಿಗಿಂತ ಮೊದಲೇ ಮುಚ್ಚುವುದುಂಟು. ಸಂಜೆಗೆ ಅಂತ ಇಟ್ಟುಕೊಂಡ ನೈದಿಲೆ ಗಾಜಿನ ಮನೆಯೊಳಗಿದ್ದರೆ ಆ ಸಮಯ ನೋಡಿಕೊಳ್ಳಿ. ರಿಪೇರಿ ಏನಾದರೂ ನಡೆಯುತ್ತಿದೆಯಾ ಅಂತಲೂ ಟಿಕೆಟ್ ತೆಗೆಯುವ ಮೊದಲೇ ಕೇಳಿ. ಕ್ಯೂನ ದೊಡ್ಡ ಗಾಜಿನ ಮನೆ ಟೆಂಪರೇಟ್ ಹೌಸ್ ದುರಸ್ತಿಗೆ ಅಂತ 2013ರಲ್ಲಿ ಮುಚ್ಚಿದ್ದು, ಮತ್ತೆ ತೆರೆದದ್ದು 2018ರಲ್ಲಿ.