ಖಾಸಗಿತನದ ಹಕ್ಕು ಅಂತೀರಿ, ಪ್ರೊಡಕ್ಟಿವಿಟಿ ಆ್ಯಪ್‌ಗಳ ಹುಚ್ಚೂ ಇದೆ. ಎರಡೂ ಹೇಗೆ ಹೊಂದುತ್ತೆ?

ಪ್ರಶ್ನೆ ಸ್ವಲ್ಪ ಚುಚ್ಚುವ ಹಾಗಿದೆ, ಆದರೆ ಕೇಳಬೇಕಾದ್ದೇ. ಹುಚ್ಚು ಇರೋದು ನಿಜ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತು ಅಂತ ನನ್ನ ಕಂಪ್ಯೂಟರ್ ದಿನವಿಡೀ ಲೆಕ್ಕ ಇಡುತ್ತದೆ. ಸಂಜೆ ಅದನ್ನು ನೋಡೋದು ನನಗೊಂದು ಖುಷಿ.

ಆದರೆ ಆ ಲೆಕ್ಕ ಯಾರ ಹತ್ತಿರ ಇರುತ್ತದೆ? ನಾನು ಬಳಸೋದು ಆಕ್ಟಿವಿಟಿವಾಚ್ ಅನ್ನೋ ಆ್ಯಪ್. ಸ್ಕ್ರೀನಿನ ಮೇಲೆ ಯಾವ ವಿಂಡೋ ಎಷ್ಟು ಹೊತ್ತು ತೆರೆದಿತ್ತು ಅನ್ನೋದೆಲ್ಲ ಬರೆದಿಡುತ್ತದೆ, ಎಲ್ಲವೂ ನನ್ನ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತದೆ. ಇದೇ ಥರದ ಲೆಕ್ಕವನ್ನು ಮೈಕ್ರೋಸಾಫ್ಟ್ 2020ರಲ್ಲಿ 'ಪ್ರೊಡಕ್ಟಿವಿಟಿ ಸ್ಕೋರ್' ಅಂತ ಕಂಪನಿಗಳಿಗೆ ಕೊಟ್ಟಿತು. ಯಾವ ಉದ್ಯೋಗಿ ಎಷ್ಟು ದಿನ ಇಮೇಲ್, ಚಾಟ್ ಬಳಸಿದ ಅಂತ ಹೆಸರು ಸಮೇತ ಕಾಣುತ್ತಿತ್ತು. ಗಲಾಟೆ ಆಯಿತು, ಡಿಸೆಂಬರ್‌ನಲ್ಲಿ ಹೆಸರುಗಳನ್ನು ತೆಗೆದರು. ನನ್ನ ಮನೆ ಖರ್ಚಿನ ಪುಸ್ತಕ ನಾನು ಬರೆದರೆ ಶಿಸ್ತು, ಮನೆ ಓನರ್ ದಿನಾ ಬಂದು ತೆರೆದು ನೋಡಿದರೆ ಏನು ಅನ್ನಬೇಕು ಹೇಳಿ!

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆಧಾರ್ ವಿರುದ್ಧ ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಹಾಕಿದ ಅರ್ಜಿ ಅದು! ಆದರೆ 2023ರ ಡೇಟಾ ರಕ್ಷಣೆ ಕಾಯ್ದೆ ನೋಡಿ. ಅದರ 7ನೇ ಸೆಕ್ಷನ್ ಪ್ರಕಾರ 'ಉದ್ಯೋಗದ ಉದ್ದೇಶಕ್ಕೆ' ಅಂದರೆ ನಿಮ್ಮ ಒಪ್ಪಿಗೆ ಇಲ್ಲದೆಯೂ ಕಂಪನಿ ನಿಮ್ಮ ಮಾಹಿತಿ ಬಳಸಬಹುದು. ಇದು ತುಂಬಾ ಸಡಿಲ ಅನ್ನೋದು ನನ್ನ ಅಭಿಪ್ರಾಯ. ಕೆಲಸ ಆಗಿದೆಯಾ ಅಂತ ಕೇಳೋ ಹಕ್ಕು ಕಂಪನಿಗೆ ಖಂಡಿತ ಇದೆ. ಹತ್ತು ನಿಮಿಷಕ್ಕೊಮ್ಮೆ ಉದ್ಯೋಗಿಯ ಕಂಪ್ಯೂಟರಿನ ಸ್ಕ್ರೀನ್‌ಶಾಟ್ ತೆಗೆಯೋದು ಬೇರೆ ಮಾತು.

ಟಿಪ್ಪಣಿ ಆ್ಯಪ್‌ಗಳ ವಿಷಯದಲ್ಲೂ ನಾನು ಹೀಗೇ. 2016ರ ಕೊನೆಗೆ ಎವರ್‌ನೋಟ್ ತನ್ನ ನಿಯಮ ಬದಲಿಸಲು ಹೊರಟಿತ್ತು: ಮಷೀನ್ ಲರ್ನಿಂಗ್ (ಮಾಹಿತಿ ನೋಡಿ ಕಂಪ್ಯೂಟರ್ ತಾನೇ ಕಲಿಯೋದು) ಸರಿಯಾಗಿದೆಯಾ ಅಂತ ನೋಡಲು ಕೆಲವು ಸಿಬ್ಬಂದಿ ಬಳಕೆದಾರರ ಟಿಪ್ಪಣಿ ಓದಬಹುದು ಅಂತ. ಜನ ಸಿಟ್ಟಾದ ಮೇಲೆ ಕೈಬಿಟ್ಟರು. ನಾನು ಅಬ್ಸಿಡಿಯನ್ ಅನ್ನೋ ಟಿಪ್ಪಣಿ ಆ್ಯಪ್ ಇಷ್ಟಪಡೋದು ಇದಕ್ಕೇ. ಎಲ್ಲವೂ ಸಾದಾ ಟೆಕ್ಸ್ಟ್ ಫೈಲು, ನನ್ನ ಫೋಲ್ಡರಿನಲ್ಲೇ ಇರುತ್ತದೆ. ನಾಳೆ ಆ ಕಂಪನಿ ಮುಚ್ಚಿದರೂ ನೋಟ್‌ಪ್ಯಾಡಿನಲ್ಲಿ ತೆರೆಯಬಹುದು. ಫೋನಿಗೆ ಕಳಿಸಲು ಸಿಂಕ್‌ಥಿಂಗ್ ಅನ್ನೋ ಆ್ಯಪ್ ಇದೆ, ನಡುವೆ ಯಾರ ಸರ್ವರಿನಲ್ಲೂ ಫೈಲು ಕೂರೋದಿಲ್ಲ. ಮೊದಲ ದಿನ ಸೆಟ್ ಮಾಡೋಕೆ ತಲೆ ತಿನ್ನುತ್ತದೆ, ಅದು ನಿಜ.

ನೀವು ಆಫೀಸಿನ ಲ್ಯಾಪ್‌ಟಾಪಿನಲ್ಲೇ ಎಲ್ಲ ಮಾಡುವವರಾದರೆ ಈ ಯಾವ ಆ್ಯಪ್ ಹಾಕಿಯೂ ಪ್ರಯೋಜನ ಇಲ್ಲ, ಆ ಯಂತ್ರವೇ ಕಂಪನಿಯದ್ದು. ಡೈರಿ, ಔಷಧಿ ಪಟ್ಟಿ, ಹೊಸ ಕೆಲಸ ಹುಡುಕೋ ಪ್ಲಾನು, ಇವನ್ನೆಲ್ಲ ಮೊದಲು ನಿಮ್ಮ ಸ್ವಂತ ಯಂತ್ರಕ್ಕೆ ಸಾಗಿಸಿ. ಆ್ಯಪ್ ಯಾವುದು ಅಂತ ಆಮೇಲೆ ನೋಡೋಣ.